ನೆತ್ತಿಯ ತೆರಪು, ಬೆನ್ನಿನ ರಂಧ್ರ

ಕಳೆದ ಬೇಸಿಗೆಯಲ್ಲಿ ಬಾಶೆಟ್ಟಿಹಳ್ಳಿಯ ನಮ್ಮ ಚಿಕಿತ್ಸಾಲಯಕ್ಕೆ ಅಜ್ಜಿಯೊಬ್ಬರು ಆರು ತಿಂಗಳ ಮೊಮ್ಮಗುವನ್ನು ಕರೆತಂದರು. "ನೆತ್ತಿ ಕುಳಿ ಬಿದ್ದೈತೆ ಡಾಕ್ಟ್ರೇ, ಎರಡು ದಿನದಿಂದ ಹರಳೆಣ್ಣೆ ಇಡ್ತಾ ಇದೀನಿ" ಎಂದರು. ಮಗುವಿಗೆ ಭೇದಿಯಾಗುತ್ತಿತ್ತು. ನೆತ್ತಿ ಕುಸಿದುದು ಎಣ್ಣೆ ಸಾಲದೆ ಅಲ್ಲ, ಒಡಲಿನ ನೀರು ಬತ್ತಿ. ಎದೆಹಾಲನ್ನು ನಿಲ್ಲಿಸದೆ, ಓಆರ್‌ಎಸ್ ದ್ರಾವಣವನ್ನು ಚಮಚದಲ್ಲಿ ಕುಡಿಸುತ್ತ ಆಸ್ಪತ್ರೆಗೆ ಕಳುಹಿಸಿದೆವು. ಮಗು ಉಳಿಯಿತು. ಎಣ್ಣೆಯ ಮೇಲೆ ನಮಗೆ ಮುನಿಸಿಲ್ಲ. ಅದನ್ನು ನಂಬಿ ಕಳೆದ ಎರಡು ದಿನಗಳ ಮೇಲೆ ಇದೆ.

ಹುಟ್ಟುವಾಗ ಶಿಶುವಿನ ಕಪಾಲದ ಮೂಳೆಗಳು ಬೆಸೆದಿರುವುದಿಲ್ಲ. ಹೆರಿಗೆಯ ವೇಳೆ ತಲೆಯು ಒತ್ತಿಕೊಂಡು ಹೊರಬರಲು, ಆಮೇಲೆ ಮಿದುಳು ಬೆಳೆಯಲು ಈ ತೆರಪು ಬೇಕು. ಹಿಂಬದಿಯದು ಎರಡು ಮೂರು ತಿಂಗಳಲ್ಲಿ, ಮುಂಬದಿಯದು ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದೊಳಗೆ ಮುಚ್ಚುತ್ತದೆ. ಅಲ್ಲಿ ಮಿಡಿತ ಕಾಣುವುದು ಸಹಜ. ಆದರೆ ಅಳದೆ ಶಾಂತವಾಗಿರುವಾಗಲೂ ನೆತ್ತಿ ಉಬ್ಬಿ, ಜ್ವರ, ವಾಂತಿ, ಮಂಕು ಕಂಡರೆ ಮನೆಮದ್ದಿಗೆ ಕಾಯಬಾರದು. ನೆತ್ತಿಯ ಅಧಿಪತಿ ಮರ್ಮವನ್ನು ಸುಶ್ರುತನು ಸದ್ಯಃಪ್ರಾಣಹರವೆಂದು ಎಣಿಸಿದ್ದಾನೆ.

ನೆತ್ತಿ ಮುಚ್ಚಿದರೂ ಕಪಾಲದ ತಳದ ಮಹಾರಂಧ್ರ ಬಾಳಿನುದ್ದಕ್ಕೂ ತೆರೆದಿರುತ್ತದೆ. ಮಿದುಳಿನ ಕಾಂಡವು ಬೆನ್ನುಹುರಿಯಾಗಿ ಇಳಿಯುವುದು ಅಲ್ಲಿಂದಲೇ. ಬೆನ್ನುಹುರಿಯ 31 ಜೊತೆ ನರಗಳಲ್ಲಿ ಬಹುಪಾಲು ಕಶೇರುಕಗಳ ನಡುವಣ ರಂಧ್ರಗಳಿಂದ ಹೊರಡುತ್ತವೆ. ಸೊಂಟದಲ್ಲಿ ಕಶೇರುಕಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿದರೆ ನೋವು ಕಾಲಿಗಿಳಿಯುತ್ತದೆ, ಇದೇ ಗೃಧ್ರಸಿ. ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರರಲ್ಲಿ ಇದನ್ನು ನಾವು ಬಹಳ ಕಂಡಿದ್ದೇವೆ. ಹೆಚ್ಚಿನವರು ತೈಲ, ಶಾಖ, ಹಿತವಾದ ನಡಿಗೆಯಿಂದ ಸುಧಾರಿಸುತ್ತಾರೆ. ಮೂತ್ರ ಕಟ್ಟಿದರೆ, ಕೂರುವ ಭಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ನಮ್ಮ ಬಳಿಗೂ ಬರುವುದು ಬೇಡ. ಅಂದೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು.