ಚೇಂಬರ್ಲಿನ್, ಜೋರ್ಡನ್, ಕೋಬಿ: ಬೇರೆ ಬೇರೆ ಕಾಲದ ಆಟಗಾರರನ್ನು ಹೋಲಿಸೋದು ಹೇಗೆ?

2011ರ ಜುಲೈ 1ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಬೀಗ ಬಿತ್ತು. ಅದು ಮುಷ್ಕರ ಅಲ್ಲ, ಲಾಕೌಟ್. ಮುಷ್ಕರ ಮಾಡೋರು ಕೆಲಸಗಾರರು, ಲಾಕೌಟ್ ಮಾಡೋರು ಮಾಲೀಕರು. ಲೀಗಿನ ಆದಾಯದಲ್ಲಿ ಆಟಗಾರರಿಗೆ ಶೇ. 57ರಷ್ಟು ಪಾಲು ಸಿಗುತ್ತಿತ್ತು, ಅದನ್ನು ಇಳಿಸಬೇಕು ಅಂತ ಮಾಲೀಕರು ಪಟ್ಟು ಹಿಡಿದರು. 161 ದಿನಗಳ ಜಗ್ಗಾಟದ ನಂತರ ಪಾಲು ಸುಮಾರು ಅರ್ಧಕ್ಕೆ ಇಳಿಯಿತು. ಪ್ರತಿ ತಂಡಕ್ಕೆ 82 ಪಂದ್ಯಗಳ ಬದಲು 66 ಮಾತ್ರ ಉಳಿದವು.

ಆಟ ಇಲ್ಲದಾಗ ಅಭಿಮಾನಿಗಳಿಗೆ ಉಳಿಯೋದು ವಾದ: ಯಾರು ದೊಡ್ಡವರು? ಜೋರ್ಡನ್ ಜೊತೆ ಆರು ಸಲ ಚಾಂಪಿಯನ್ ಆಗಿದ್ದ ಸ್ಕಾಟಿ ಪಿಪ್ಪೆನ್, ಅದೇ ವರ್ಷದ ಮೇ ತಿಂಗಳಲ್ಲೇ ಬೆಂಕಿಗೆ ತುಪ್ಪ ಸುರಿದಿದ್ದರು. ಅಂಕ ಗಳಿಸೋದರಲ್ಲಿ ಜೋರ್ಡನ್ ಮೇಲಿರಬಹುದು, ಆದರೆ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಲೆಬ್ರಾನ್ ಜೇಮ್ಸ್ ಇರಬಹುದು ಎಂಬರ್ಥದ ಮಾತು ಅವರದ್ದು. ಇಂಥ ವಾದವನ್ನು ಗಂಟಲಿಗಿಂತ ಲೆಕ್ಕದಿಂದ ಮಾಡೋದು ಹೇಗೆ ಅಂತ ನೋಡೋಣ.

ಮೊದಲು ಕಚ್ಚಾ ಅಂಕಿಗಳು. ಪಂದ್ಯವೊಂದಕ್ಕೆ ಸರಾಸರಿ ಅಂಕ:

ವಿಲ್ಟ್ ಚೇಂಬರ್ಲಿನ್, 1961-62: 50.4
ಮೈಕೆಲ್ ಜೋರ್ಡನ್, 1986-87: 37.1
ಕೋಬಿ ಬ್ರಯಂಟ್, 2005-06: 35.4

ಇಷ್ಟೇ ನೋಡಿದರೆ ವಾದ ಮುಗೀತು, ಚೇಂಬರ್ಲಿನ್ ಗೆದ್ದರು. ಆದರೆ ಯೂನಿಟ್ ಬೇರೆ ಬೇರೆ ಇರೋ ಎರಡು ಅಳತೆಗಳನ್ನು ನಾವು ಲ್ಯಾಬಿನಲ್ಲಿ ನೇರವಾಗಿ ಹೋಲಿಸ್ತೀವಾ? ಇಲ್ಲ, ಅಲ್ವಾ? 1961-62ರಲ್ಲಿ ಆಟದ ವೇಗ ಬಹಳ ಜಾಸ್ತಿ. ಒಂದು ತಂಡ ಪಂದ್ಯಕ್ಕೆ ಸರಾಸರಿ 118.8 ಅಂಕ ಗಳಿಸುತ್ತಿತ್ತು. 1986-87ರಲ್ಲಿ ಅದು 109.9, 2005-06ರಲ್ಲಿ 97.0. ಆಟಗಾರನ ಅಂಕವನ್ನು ಈ ಸರಾಸರಿಯಿಂದ ಭಾಗಿಸಿದರೆ ಚೇಂಬರ್ಲಿನ್ ಶೇ. 42.4, ಕೋಬಿ ಶೇ. 36.5, ಜೋರ್ಡನ್ ಶೇ. 33.8. ಕೋಬಿ ಆಗಲೇ ಜೋರ್ಡನ್‌ರನ್ನು ದಾಟಿಬಿಟ್ಟರು.

ಇನ್ನೊಂದು ಹೆಜ್ಜೆ ಇದೆ, ಅದು ನಿಮಿಷ. ಪಂದ್ಯ ಇರೋದು 48 ನಿಮಿಷ. ಹೆಚ್ಚುವರಿ ಅವಧಿಗಳೂ ಸೇರಿ ಚೇಂಬರ್ಲಿನ್ ಆ ವರ್ಷ ಸರಾಸರಿ 48.5 ನಿಮಿಷ ಆಡಿದರು. ಕೋಬಿ 41.0, ಜೋರ್ಡನ್ 40.0. ಎಲ್ಲರನ್ನೂ 40 ನಿಮಿಷಕ್ಕೆ ತಂದರೆ ಕೋಬಿ 35.6, ಚೇಂಬರ್ಲಿನ್ 35.0, ಜೋರ್ಡನ್ 33.8. ಹದಿನೈದು ಅಂಕಗಳ ಅಂತರ ಕರಗಿ ಹೋಯಿತು!

ಹಾಗಾದರೆ ಕೋಬಿಯೇ ದೊಡ್ಡವರಾ? ಅವಸರ ಬೇಡ. ಬೆಂಚಿನಲ್ಲಿ ಕೂರದೆ ಪೂರ್ತಿ ಪಂದ್ಯ ಆಡೋದೇ ಒಂದು ಸಾಮರ್ಥ್ಯ, ಅದನ್ನು ನಮ್ಮ ಭಾಗಾಕಾರ ಅಳಿಸಿ ಹಾಕಿತು. ಮೂರು ಅಂಕದ ಗೆರೆ ಎನ್‌ಬಿಎಗೆ ಬಂದಿದ್ದೇ 1979-80ರಲ್ಲಿ, ಹಾಗಾಗಿ ಆ ಅನುಕೂಲ ಚೇಂಬರ್ಲಿನ್ ಕಾಲದವರಿಗೆ ಇರಲಿಲ್ಲ. ಬ್ಲಾಕ್ ಮತ್ತು ಸ್ಟೀಲ್‌ಗಳನ್ನು ಲೀಗ್ ಅಧಿಕೃತವಾಗಿ ಎಣಿಸತೊಡಗಿದ್ದು 1973-74ರಿಂದ. ಅಂದರೆ ಅದಕ್ಕೂ ಮೊದಲಿನವರ ರಕ್ಷಣಾ ಆಟದ ದೊಡ್ಡ ಭಾಗ ದಾಖಲೆಯಲ್ಲೇ ಇಲ್ಲ. ನಾರ್ಮಲೈಸ್ ಮಾಡಿದರೆ ತಪ್ಪು ಹೋಲಿಕೆ ಕಡಿಮೆಯಾಗುತ್ತೆ, ತೀರ್ಪು ಸಿಗಲ್ಲ.

ಇಲ್ಲಿಗೆ ಲಾಕೌಟ್ ಮತ್ತೆ ಬರುತ್ತೆ. ಆಟಗಾರನ ದಾಖಲೆ ಅಂಕಣದ ನಿಯಮಗಳಿಂದ ಮಾತ್ರ ಹುಟ್ಟಲ್ಲ, ಕರಾರಿನ ನಿಯಮಗಳಿಂದಲೂ ಹುಟ್ಟುತ್ತೆ. ಬಿಲ್ ರಸೆಲ್ ಒಂದೇ ತಂಡದಲ್ಲಿ 13 ಋತುಗಳಾಡಿ 11 ಸಲ ಚಾಂಪಿಯನ್ ಆದರು. "ಆಗಿನವರಿಗೆ ತಂಡದ ನಿಷ್ಠೆ ಇತ್ತು, ಲೆಬ್ರಾನ್ 2010ರಲ್ಲಿ ಮಯಾಮಿಗೆ ಓಡಿಹೋದರು" ಅನ್ನೋ ಮಾತು ಆಗ ಎಲ್ಲೆಲ್ಲೂ ಕೇಳಿಬರುತ್ತಿತ್ತು. ಆದರೆ ರಸೆಲ್ ಕಾಲದಲ್ಲಿ ಕರಾರು ಮುಗಿದರೂ ಆಟಗಾರನ ಮೇಲಿನ ಹಕ್ಕು ತಂಡದ್ದೇ. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಮೊಕದ್ದಮೆ ಹೂಡಿ, 1976ರಲ್ಲಿ ಅದು ರಾಜಿಯಾದ ಮೇಲೆಯೇ ತಂಡ ಬದಲಿಸೋ ದಾರಿ ತೆರೆದಿದ್ದು. ಆಯ್ಕೆಯೇ ಇಲ್ಲದವರ ನಿಷ್ಠೆಯನ್ನು ಆಯ್ಕೆ ಇದ್ದವರ ನಿರ್ಧಾರದ ಪಕ್ಕ ಇಟ್ಟು ಅಳೆಯೋದು ಹೇಗೆ?

ಒಟ್ಟು ಅಂಕಗಳ ದಾಖಲೆಗೂ ಇದೇ ಮಾತು. ಕರೀಮ್ ಅಬ್ದುಲ್-ಜಬ್ಬಾರ್ ಕಾಲೇಜು ಮುಗಿಸಿ 1969ರಲ್ಲಿ, 22ನೇ ವಯಸ್ಸಿಗೆ ಲೀಗಿಗೆ ಬಂದರು. ಹೈಸ್ಕೂಲ್ ಮುಗಿದು ನಾಲ್ಕು ವರ್ಷ ಆಗಿರಲೇಬೇಕು ಅನ್ನೋ ನಿಯಮ ಆಗಿತ್ತು. 1971ರಲ್ಲಿ ಸ್ಪೆನ್ಸರ್ ಹೇವುಡ್ ಪ್ರಕರಣ ಆ ನಿಯಮವನ್ನು ಮುರಿಯಿತು. ಲೆಬ್ರಾನ್ 2003ರಲ್ಲಿ ಹೈಸ್ಕೂಲಿನಿಂದ ನೇರವಾಗಿ, 18ಕ್ಕೇ ಬಂದರು. ಮೊದಲ ನಾಲ್ಕು ಋತುಗಳಲ್ಲೇ 8,000ಕ್ಕೂ ಹೆಚ್ಚು ಅಂಕ ಗಳಿಸಿದರು. 2005ರ ಒಪ್ಪಂದ ಮತ್ತೆ ಕನಿಷ್ಠ ವಯಸ್ಸು 19 ಅಂದಿತು. ಹಾಗಂತ 2023ರ ಫೆಬ್ರವರಿಯಲ್ಲಿ ಕರೀಮ್‌ರ 38,387 ಅಂಕಗಳನ್ನು ದಾಟಿದ ಲೆಬ್ರಾನ್ ಸಾಧನೆ ಸಣ್ಣದಾಗಲ್ಲ, ಅವರು ದಾಟಿದ್ದು ಕರೀಮ್‌ಗಿಂತ ಕಡಿಮೆ ಪಂದ್ಯಗಳಲ್ಲಿ. ನಾವು ಹೇಳ್ತಿರೋದು, ಇಬ್ಬರ ಗಡಿಯಾರ ಶುರುವಾದ ವಯಸ್ಸನ್ನು ಅವರಿಬ್ಬರೂ ತಾವೇ ಆರಿಸಿಕೊಳ್ಳಲಿಲ್ಲ ಅಂತ ಅಷ್ಟೇ.

ಹಾಗಾಗಿ ಮುಂದಿನ ಸಲ ಹಾಸ್ಟೆಲಿನಲ್ಲಿ ವಾದಕ್ಕೆ ಕೂತಾಗ ಮೂರು ಪ್ರಶ್ನೆ ಕೇಳಿ. ಛೇದದಲ್ಲಿ ಏನಿದೆ? ಯಾವುದನ್ನು ಎಣಿಸಿಯೇ ಇಲ್ಲ? ಯಾವ ಕರಾರಿನಡಿ ಆಡಿದರು? 66 ಪಂದ್ಯಗಳ ಆ ಋತುವಿನ ಒಟ್ಟು ಅಂಕಗಳನ್ನು 82ರ ಋತುವಿನ ಪಕ್ಕ ಇಡೋರು ಸಿಕ್ಕರೆ, ಮೊದಲನೇ ಪ್ರಶ್ನೆಯಿಂದಲೇ ಶುರು ಮಾಡಿ.