ಮನೆಮಾತು, ಹಾಡು ಮತ್ತು ನಂಟು: ಕಂಬಂ ಕಣಿವೆಯಿಂದ ಒಂದು ಪಾಠ

ಉದ್ದೇಶ: ಆಚರಣೆ, ಹಾಡು ಹಾಗೂ ಬಂಧುವಾಚಕ ಪದಗಳ ಮೂಲಕ ವಿದ್ಯಾರ್ಥಿಗಳು ಮನೆಮಾತಿನ ಬೆಲೆಯನ್ನು ಅರಿಯುವಂತೆ ಮಾಡುವುದು.

ಹಿನ್ನೆಲೆ: ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ನೆಲೆಸಿರುವ ಕಪ್ಪಿಲಿಯರು ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಬೇಸಾಯಗಾರರು. ದನಗಳೊಂದಿಗೆ ಕನ್ನಡನಾಡಿನಿಂದ ತೆಂಕಣಕ್ಕೆ ಬಂದವರೆಂಬುದು ಅವರ ಪರಂಪರಾಗತ ನಂಬಿಕೆ. ಸುತ್ತಲಿನ ವ್ಯವಹಾರವೂ ಮಕ್ಕಳ ಓದುಬರಹವೂ ತಮಿಳಿನಲ್ಲಿ ನಡೆಯುವುದರಿಂದ ಅಲ್ಲಿಯ ಕನ್ನಡಕ್ಕೆ ಲಿಪಿಯ ಆಸರೆ ಇಲ್ಲ. ಮನೆ, ಬಂಧುಬಳಗ ಮತ್ತು ಆಚರಣೆಗಳೇ ಅದರ ಆಶ್ರಯ.

ಕಂಬಂ ಪಟ್ಟಣದಲ್ಲಿ ಈ ಸಮುದಾಯದ ದೇವರಿಗೆ ಮೀಸಲಾದ ದನಗಳ ಹಿಂಡೊಂದಿದೆ. ತಮಿಳಿನಲ್ಲಿ ಅದು ‘ತಂಬಿರಾನ್ ಮಾಡು’. ಕನ್ನಡದಲ್ಲಿ ‘ದೇವರು ಆವು’. ಹಿಂಡಿನ ನಾಯಕನಿಗೆ ‘ಪಟ್ಟದ ಆವು’ ಎಂಬ ಹೆಸರು. ಈ ನಾಯಕನನ್ನು ಆರಿಸುವ ಪದ್ಧತಿ ವಿಶಿಷ್ಟವಾದುದು: ಪೂಜೆ ಸಲ್ಲಿಸಿ, ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನು ಇಡುತ್ತಾರೆ, ಮುಂದೆ ಬಂದು ಅದನ್ನು ತಿನ್ನುವ ಹೋರಿಗೇ ಪಟ್ಟ. ಸಂಕ್ರಾಂತಿಯ ಮರುದಿನದ ಮಾಟ್ಟುಪ್ಪೊಂಗಲ್ ಹಬ್ಬದಂದು ಜನರು ಈ ದನಗಳನ್ನು ಪೂಜಿಸುತ್ತಾರೆ.

ಭಾಷಾವಿಚಾರ: ‘ಆವು’ ಎಂದರೆ ಹಸು. ಇಂದಿನ ಪಠ್ಯಪುಸ್ತಕಗಳಲ್ಲಿ ವಿರಳವಾದ ಈ ಪದ ಹಳೆಯ ಕನ್ನಡದ್ದು. ನಿಘಂಟನ್ನು ನೋಡದ ಶಿಕ್ಷಕರು ಮಗುವಿನ ಬಾಯಲ್ಲಿ ಇಂಥ ಪದವನ್ನು ಕೇಳಿದರೆ ತಪ್ಪೆಂದು ತಿದ್ದುವ ಸಂಭವವಿದೆ. ತಿದ್ದಿಸಿಕೊಂಡ ಮಗು ಮರುದಿನ ಆ ಪದವನ್ನು ಆಡುವುದಿಲ್ಲ. ಕ್ರಮೇಣ ಮನೆಯಲ್ಲಿಯೂ ಆಡದು.

ಹೋಲಿಕೆ: ಕೆನಡಾ ದೇಶದ ಮೂಲನಿವಾಸಿಗಳಾದ ಕ್ರೀ ಜನರ ಮಕ್ಕಳಿಗೆ ವಸತಿಶಾಲೆಗಳಲ್ಲಿ ತಾಯ್ನುಡಿಯನ್ನು ಆಡಲು ಬಿಡುತ್ತಿರಲಿಲ್ಲ. ಅಂಥ ಶಾಲೆಗಳಿಗಾಗಿ ಅಲ್ಲಿಯ ಸರ್ಕಾರ 2008ರಲ್ಲಿ ಕ್ಷಮೆ ಕೋರಿತು. ಅಂಥದೇ ಶಾಲೆಯಲ್ಲಿ ಓದಿದ ನಾಟಕಕಾರ ಟಾಮ್ಸನ್ ಹೈವೇ ಕ್ರೀ ಭಾಷೆಯಲ್ಲಿ ಬರೆದ ಗೀತನಾಟಕವು ಅದೇ ವರ್ಷ ಟೊರಾಂಟೊ ನಗರದಲ್ಲಿ ರಂಗವೇರಿತು. ನಂಟನ್ನು ಸೂಚಿಸುವ ಕ್ರೀ ಪದ ‘ವಾಹ್ಕೋಹ್ತೋವಿನ್’ ಮನುಷ್ಯರನ್ನಷ್ಟೇ ಅಲ್ಲದೆ ಪ್ರಾಣಿಗಳನ್ನೂ ನೆಲವನ್ನೂ ಒಳಗೊಳ್ಳುತ್ತದೆ. ದನದ ಹಿಂಡನ್ನು ಕುಲದ ಭಾಗವಾಗಿ ಕಾಣುವ ಕಂಬಂ ಕನ್ನಡಿಗರಿಗೆ ಈ ಭಾವನೆ ಹೊಸದಲ್ಲ.

ತರಗತಿಯ ಚಟುವಟಿಕೆಗಳು:

1. ‘ಗೋವಿನ ಹಾಡ’ನ್ನು ಹಾಡಿಸಿ, ಅದರಲ್ಲಿ ತಾಯಿ, ಮಗು ಮತ್ತು ಒಡಹುಟ್ಟುಗಳ ನಂಟು ಹೇಗೆ ಬಂದಿದೆಯೆಂದು ಚರ್ಚಿಸುವುದು.

2. ಅಜ್ಜಿ, ಸೋದರತ್ತೆ ಮೊದಲಾದವರಿಂದ ಒಂದೊಂದು ಹಾಡನ್ನು ಕೇಳಿ ಕಲಿತು ಬರಲು ಹೇಳುವುದು. ಹಾಡು ಯಾವ ಸಂದರ್ಭದ್ದು, ಯಾರು ಯಾರಿಗೆ ಹಾಡುವುದು ಎಂಬುದನ್ನೂ ಬರೆಯಿಸುವುದು.

3. ಬಂಧುವಾಚಕ ಪದಗಳನ್ನು ಮನೆಯ ರೂಪ, ಪುಸ್ತಕದ ರೂಪ, ತಮಿಳು ರೂಪ ಎಂದು ಮೂರು ಸಾಲುಗಳಲ್ಲಿ ಪಟ್ಟಿಮಾಡಿಸುವುದು.

ಶಿಕ್ಷಕರಿಗೆ ಸೂಚನೆ: ಮಗು ತಂದ ಹಾಡಿನ ಪದಗಳನ್ನು ಗ್ರಂಥರೂಪಕ್ಕೆ ತಿದ್ದಬಾರದು, ಕೇಳಿದಂತೆಯೇ ಬರೆಯಿಸಬೇಕು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆ ಮಾತೃಭಾಷೆಯು ಮಗುವಿನೊಡನೆ ಮನೆಯಿಂದಲೇ ಶಾಲೆಗೆ ಬರುತ್ತದೆ. ಅದನ್ನು ಬಾಗಿಲಲ್ಲಿ ತಡೆಯದಿರುವುದು ಶಿಕ್ಷಕರ ಮೊದಲ ಕರ್ತವ್ಯ.