ಕಾನೂನು ಯಾರ ಭಾಷೆಯಲ್ಲಿ ಮಾತನಾಡುತ್ತದೆ? ಸರ್ಕಾರ ಮತ್ತು ನ್ಯಾಯಾಲಯ ಕುರಿತ ಪಾಠಕ್ಕೆ ಒಂದು ಮಾರ್ಗದರ್ಶಿ

ಪಾಠದ ನೆಲೆ

ಸಮಾಜ ವಿಜ್ಞಾನದಲ್ಲಿ ಸರ್ಕಾರದ ಅಂಗಗಳನ್ನು ಬೋಧಿಸುವಾಗ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಪದಗಳನ್ನು ಕರಿಹಲಗೆಯ ಮೇಲೆ ಬರೆದು, ಪ್ರತಿಯೊಂದರ ಕೆಳಗೆ ಎರಡೆರಡು ವಾಕ್ಯಗಳನ್ನು ಬರೆಸಿ ಮುಂದೆ ಸಾಗುವುದು ಸುಲಭ. ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಅಂಕವೂ ದೊರೆಯುತ್ತದೆ. ಆದರೆ ಅದೇ ವಿದ್ಯಾರ್ಥಿಯ ಮನೆಗೆ ನಾಳೆ ಕಂದಾಯ ಇಲಾಖೆಯ ನೋಟಿಸೊಂದು ಬಂದರೆ ಅದನ್ನು ಓದಿ ಅರ್ಥ ಹೇಳುವವರು ಯಾರು? ಉತ್ತರವನ್ನು ಯಾರಿಗೆ, ಯಾವ ಭಾಷೆಯಲ್ಲಿ ಬರೆಯಬೇಕು? ಈ ಪ್ರಶ್ನೆಗೆ ಉತ್ತರ ಕೊಡದ ಪಾಠವು ಪುಸ್ತಕದಲ್ಲಿಯೇ ಉಳಿದುಬಿಡುತ್ತದೆ.

ತಾಳವಾಡಿ ಬೆಟ್ಟಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಇಲ್ಲಿ ನಮ್ಮ ತರಗತಿಯ ಮಗುವಿನ ಮನೆಮಾತು ಕನ್ನಡ; ತಾಲ್ಲೂಕು ಕಚೇರಿಯ ಕಡತ ತಮಿಳಿನಲ್ಲಿರುತ್ತದೆ; ಉಚ್ಚ ನ್ಯಾಯಾಲಯದ ತೀರ್ಪು ಇಂಗ್ಲಿಷಿನಲ್ಲಿ ಹೊರಬೀಳುತ್ತದೆ. ಕಾನೂನು ತನಗೆ ಅರ್ಥವಾಗುವ ಭಾಷೆಯಲ್ಲಿ ತಲುಪಿದಾಗಲೇ ಅದು ಪ್ರಜೆಯ ಸ್ವತ್ತಾಗುತ್ತದೆ ಎಂಬುದನ್ನು ಮನಗಾಣಿಸುವುದು ಈ ಪಾಠದ ಮುಖ್ಯ ಉದ್ದೇಶ.

ಬ್ರಿಟನ್ನಿನ ವ್ಯವಸ್ಥೆ ಮತ್ತು ಅದರ ಭಾಷಾ ಚರಿತ್ರೆ

ನಮ್ಮ ಆಡಳಿತದ ಚೌಕಟ್ಟು ಬಹುಮಟ್ಟಿಗೆ ಬ್ರಿಟಿಷರ ಕಾಲದಲ್ಲಿ ರೂಪುಗೊಂಡದ್ದರಿಂದ ಅವರ ವ್ಯವಸ್ಥೆಯನ್ನು ಮೊದಲು ಸಂಕ್ಷೇಪವಾಗಿ ಪರಿಚಯಿಸಬೇಕು. ಬ್ರಿಟನ್ನಿಗೆ ನಮ್ಮಲ್ಲಿರುವಂತೆ ಒಂದೇ ಗ್ರಂಥವಾಗಿ ಬರೆದಿಟ್ಟ ಸಂವಿಧಾನವಿಲ್ಲ. 1215ರ ಮ್ಯಾಗ್ನಾ ಕಾರ್ಟಾ, 1689ರ ಹಕ್ಕುಗಳ ಮಸೂದೆ, ಸಂಸತ್ತಿನ ಕಾಯಿದೆಗಳು, ನ್ಯಾಯಾಲಯಗಳ ತೀರ್ಪುಗಳು, ಬಹುಕಾಲದ ಸಂಪ್ರದಾಯಗಳು ಇವೆಲ್ಲ ಸೇರಿ ಅಲ್ಲಿನ ಸಂವಿಧಾನವಾಗಿದೆ. ದೊರೆ ನಾಮಮಾತ್ರದ ಮುಖ್ಯಸ್ಥ. ಪ್ರಧಾನಿ ಮತ್ತು ಮಂತ್ರಿಮಂಡಲ ಸಾಮಾನ್ಯರ ಸಭೆಗೆ ಉತ್ತರದಾಯಿಗಳು. 2009ರಲ್ಲಿ ಪ್ರತ್ಯೇಕ ಸರ್ವೋಚ್ಚ ನ್ಯಾಯಾಲಯ ಕಾರ್ಯಾರಂಭ ಮಾಡುವವರೆಗೂ ಪ್ರಭುಗಳ ಸಭೆಯ ನ್ಯಾಯಮೂರ್ತಿಗಳೇ ಅಂತಿಮ ಮೇಲ್ಮನವಿಗಳನ್ನು ಕೇಳುತ್ತಿದ್ದರು. ಸಂಸತ್ತು ಮಾಡಿದ ಕಾಯಿದೆಯನ್ನು ರದ್ದುಗೊಳಿಸುವ ಅಧಿಕಾರ ಅಲ್ಲಿನ ನ್ಯಾಯಾಲಯಗಳಿಗಿಲ್ಲ. ನಮ್ಮ ನ್ಯಾಯಾಲಯಗಳಾದರೋ ಸಂವಿಧಾನಕ್ಕೆ ವಿರುದ್ಧವಾದ ಕಾಯಿದೆಯನ್ನು ಅಸಿಂಧುವೆಂದು ಸಾರಬಲ್ಲವು. ಈ ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗಳು ಸ್ಪಷ್ಟವಾಗಿ ಗ್ರಹಿಸಿದರೆ ಸಾಕು.

ಇದಾದ ಮೇಲೆ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣದ ಸಂಗತಿಯೊಂದನ್ನು ಹೇಳಬೇಕು. ಇಂಗ್ಲಿಷರ ನ್ಯಾಯಾಲಯದಲ್ಲಿ ಇಂಗ್ಲಿಷಿಗೇ ಒಮ್ಮೆ ಸ್ಥಾನವಿರಲಿಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಆಳುವವರ ಮಾತಾದ ಫ್ರೆಂಚ್ ಕ್ರಮೇಣ ನ್ಯಾಯಾಲಯದ ಮಾತಾಯಿತು, ದಾಖಲೆಗಳು ಲ್ಯಾಟಿನ್ನಿನಲ್ಲಿರುತ್ತಿದ್ದವು. ತನ್ನ ಮೇಲಿನ ಆರೋಪವೇನು, ತನ್ನ ಪರವಾಗಿ ವಕೀಲ ಏನು ಹೇಳುತ್ತಿದ್ದಾನೆ ಎಂಬುದು ಕಟಕಟೆಯಲ್ಲಿ ನಿಂತ ರೈತನಿಗೆ ತಿಳಿಯುತ್ತಿರಲಿಲ್ಲ. 1362ರಲ್ಲಿ ಸಂಸತ್ತು, ಜನರಿಗೆ ಫ್ರೆಂಚ್ ತಿಳಿಯದೆಂಬ ಕಾರಣವನ್ನೇ ಕೊಟ್ಟು, ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಶಾಸನ ಮಾಡಿತು. ಆ ಶಾಸನವೇ ಫ್ರೆಂಚಿನಲ್ಲಿ ಬರೆಯಲ್ಪಟ್ಟಿತ್ತೆಂಬುದು ಹಳೆಯ ರೂಢಿ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಸಾಕ್ಷಿ. ದಾಖಲೆಗಳಿಂದ ಲ್ಯಾಟಿನ್ ತೊಲಗಲು 1733ರವರೆಗೆ ಕಾಯಬೇಕಾಯಿತು.

ಹೀಗೆ ತಮ್ಮ ಮಾತಿಗೆ ಸ್ಥಾನ ಪಡೆಯುತ್ತಿದ್ದವರೇ ನೆರೆಯ ವೇಲ್ಸ್ ಜನರಿಗೆ ಆ ಸ್ಥಾನವನ್ನು ನಿರಾಕರಿಸಿದರು. 1536ರ ಕಾಯಿದೆ ವೇಲ್ಸ್‌ನ ನ್ಯಾಯಾಲಯಗಳಲ್ಲಿ ಇಂಗ್ಲಿಷನ್ನು ಮಾತ್ರ ಮಾನ್ಯ ಮಾಡಿತು. ವೆಲ್ಷ್ ಭಾಷಿಕರು ತಮ್ಮ ನ್ಯಾಯಾಲಯದಲ್ಲಿ ತಮ್ಮ ಮಾತನ್ನು ಹಕ್ಕಿನಿಂದ ಆಡಲು 1967ರ ಕಾಯಿದೆ ಬರಬೇಕಾಯಿತು. 1993ರ ಕಾಯಿದೆ ಸಾರ್ವಜನಿಕ ಆಡಳಿತದಲ್ಲಿಯೂ ವೆಲ್ಷ್ ಭಾಷೆಯನ್ನು ಇಂಗ್ಲಿಷಿಗೆ ಸಮನಾಗಿ ಕಾಣಬೇಕೆಂಬ ತತ್ತ್ವವನ್ನು ಅಂಗೀಕರಿಸಿತು. ಭಾಷಾ ಅಲ್ಪಸಂಖ್ಯಾತರೆಂಬುದು ನಮಗೆ ಮಾತ್ರ ಅಂಟಿದ ಹಣೆಪಟ್ಟಿಯಲ್ಲವೆಂದು ಮಕ್ಕಳು ಇದರಿಂದ ಅರಿಯುತ್ತಾರೆ.

ಈ ವ್ಯವಸ್ಥೆ ನಮ್ಮ ಸೀಮೆಗೆ ಬಂದ ಬಗೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮದರಾಸು ಪ್ರಾಂತದ ಜಿಲ್ಲೆ, ಕಲೆಕ್ಟರು, ತಹಸೀಲ್ದಾರರು ಎಂಬ ಏಣಿ ನಿಂತಿತು. 1860ರಲ್ಲಿ ಭಾರತೀಯ ದಂಡ ಸಂಹಿತೆ ರಚಿತವಾಯಿತು. 1862ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಸ್ಥಾಪನೆಯಾಯಿತು. 1882ರ ಮದರಾಸು ಅರಣ್ಯ ಕಾಯಿದೆ ಕಾಡಿನ ಅಂಚಿನ ಬದುಕಿಗೆ ಸರ್ಕಾರದ ಗೆರೆ ಎಳೆಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟ ಪೆರಿಯಾರ್ ಜಿಲ್ಲೆಯೇ ಇಂದಿನ ಈರೋಡ್ ಜಿಲ್ಲೆ. ಇಂದು ತಾಳವಾಡಿಯೇ ತಾಲ್ಲೂಕು ಕೇಂದ್ರ. 2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹೆಸರುಗಳು ಬದಲಾದರೂ ಏಣಿಯ ಮೆಟ್ಟಿಲುಗಳು ಹೆಚ್ಚುಕಡಿಮೆ ಹಾಗೆಯೇ ಇವೆ. ಬದಲಾದದ್ದು ಮುಖ್ಯವಾಗಿ ಏಣಿಯನ್ನು ಹತ್ತುವವನ ಸ್ಥಾನ: ಅಂದು ಆತ ಆಳಿಸಿಕೊಳ್ಳುವ ಪ್ರಜೆ, ಇಂದು ಹಕ್ಕುಳ್ಳ ನಾಗರಿಕ.

ಸಂವಿಧಾನ ತೆರೆದಿರುವ ಬಾಗಿಲುಗಳು

ಈ ಭಾಗವನ್ನು ಬೋಧಿಸುವಾಗ ವಿಧಿಗಳ ಸಂಖ್ಯೆಗಿಂತ ಅವುಗಳ ಉಪಯೋಗಕ್ಕೆ ಒತ್ತು ಕೊಡಬೇಕು.

ಒಂದು: 350ನೆಯ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಕನ್ನಡದಲ್ಲಿ ಬರೆದ ಮನವಿ ಭಾಷೆಯ ಕಾರಣಕ್ಕೆ ಕೀಳಾಗುವುದಿಲ್ಲ. ಆದರೆ ಉತ್ತರವೂ ಕನ್ನಡದಲ್ಲಿಯೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ.

ಎರಡು: 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ಯತ್ನಿಸಬೇಕೆಂದು ರಾಜ್ಯಕ್ಕೆ ಸೂಚಿಸುತ್ತದೆ. ನಾವು ನಿಂತು ಪಾಠ ಹೇಳುವ ನೆಲವೇ ಇದು. 350-ಬಿ ವಿಧಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳನ್ನು ಪರಿಶೀಲಿಸಿ ರಾಷ್ಟ್ರಪತಿಗಳಿಗೆ ವರದಿ ಮಾಡುವ ವಿಶೇಷಾಧಿಕಾರಿಯನ್ನು ನೇಮಿಸಿದೆ.

ಮೂರು: ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ, ಆತನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ತೆರೆದ ನ್ಯಾಯಾಲಯದಲ್ಲಿಯೇ ಅರ್ಥೈಸಬೇಕೆಂದು ಕ್ರಿಮಿನಲ್ ಪ್ರಕ್ರಿಯೆಯ ಕಾನೂನು ವಿಧಿಸುತ್ತದೆ. 1962ರಲ್ಲಿ ಹರಿಕಿಶನ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಇಂಗ್ಲಿಷ್ ಬಾರದ ವ್ಯಕ್ತಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದೆಂದು ಹೇಳಿ ಆ ಮುಂಜಾಗ್ರತಾ ಬಂಧನವನ್ನು ಒಪ್ಪಲಿಲ್ಲ. ಅರ್ಥವಾಗದ ತಿಳಿವಳಿಕೆ ಪತ್ರ ತಿಳಿವಳಿಕೆಯೇ ಅಲ್ಲವೆಂಬುದು ಇದರ ಸಾರ.

ನಾಲ್ಕು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಉಚಿತ ಕಾನೂನು ನೆರವಿಗೆ ಅರ್ಹರು. ನಮ್ಮ ಬೆಟ್ಟಗಳ ಸೋಲಿಗ, ಊರಾಳಿ ಕುಟುಂಬಗಳ ಮಕ್ಕಳಿಗೆ ಇದು ತಪ್ಪದೆ ತಿಳಿದಿರಬೇಕು. 2006ರ ಅರಣ್ಯ ಹಕ್ಕುಗಳ ಕಾಯಿದೆಯಂತೆ ಹಕ್ಕಿನ ನಿರ್ಣಯ ಆರಂಭವಾಗುವುದು ಗ್ರಾಮಸಭೆಯಲ್ಲಿ, ಎಂದರೆ ಜನ ತಮ್ಮ ಮಾತಿನಲ್ಲಿ ಮಾತನಾಡಬಲ್ಲ ಸ್ಥಳದಲ್ಲಿ.

ಬಾಗಿಲುಗಳಿಗೆ ಮಿತಿಯೂ ಉಂಟು; ಅದನ್ನು ಮರೆಮಾಚಬಾರದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿಯು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು; ನಮ್ಮಲ್ಲಿ ಅದು ತಮಿಳು. ಬರೆಯಲಾಗದವನು ಬಾಯಿಮಾತಿನಲ್ಲಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿ ನೆರವಾಗಬೇಕು. ಆದ್ದರಿಂದ ನಮ್ಮ ವಿದ್ಯಾರ್ಥಿಗೆ ಕನ್ನಡ ಆಲೋಚಿಸುವ ಭಾಷೆಯಾದರೆ, ತಮಿಳು ಕಚೇರಿಯ ಉತ್ತರವನ್ನು ಓದುವ ಭಾಷೆ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ದೂರವಿಡುವುದು ಮಗುವಿಗೆ ನಷ್ಟ.

ನಿದರ್ಶನ: ದಿಂಬಂ ಘಾಟಿ

ಮೂರು ಅಂಗಗಳು ಹೇಗೆ ಕೆಲಸ ಮಾಡುತ್ತವೆಂದು ತೋರಿಸಲು ದೂರದ ಉದಾಹರಣೆ ಬೇಕಿಲ್ಲ. ಸತ್ಯಮಂಗಲದ ಬಯಲಿಗೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳನ್ನು ಬಲ್ಲ ಮಕ್ಕಳು ನಮ್ಮಲ್ಲಿ ಅನೇಕರು. ಈ ದಾರಿ 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಹಾದುಹೋಗುತ್ತದೆ. ವಾಹನಗಳಿಗೆ ಸಿಕ್ಕಿ ವನ್ಯಮೃಗಗಳು ಸಾಯುವುದನ್ನು ತಡೆಯಲು 2019ರಲ್ಲಿ ಜಿಲ್ಲಾಧಿಕಾರಿಗಳು ರಾತ್ರಿ ಸಂಚಾರವನ್ನು ನಿರ್ಬಂಧಿಸಿ ಆದೇಶ ಹೊರಡಿಸಿದರು. ಆದೇಶ ಕಾಗದದಲ್ಲಿಯೇ ಉಳಿದಾಗ ವಿಷಯ ಮದರಾಸು ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2022ರ ಫೆಬ್ರವರಿಯಲ್ಲಿ ನ್ಯಾಯಾಲಯ ಅದನ್ನು ಜಾರಿಗೊಳಿಸುವಂತೆ ಸೂಚಿಸಿತು. ಫಸಲನ್ನು ಮಾರುಕಟ್ಟೆಗೆ, ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆಂದು ಬೆಟ್ಟದ ಜನ ಪ್ರತಿಭಟಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ನ್ಯಾಯಾಲಯ ಸ್ಥಳೀಯ ನಿವಾಸಿಗಳಿಗೆ ವಿನಾಯಿತಿ ನೀಡಿ ಆದೇಶವನ್ನು ಮಾರ್ಪಡಿಸಿತು.

ಇಲ್ಲಿ ಕಾಯಿದೆ ಮಾಡಿದ ಶಾಸಕಾಂಗ, ಅದರಡಿ ಆದೇಶ ಹೊರಡಿಸಿದ ಕಾರ್ಯಾಂಗ, ಅದನ್ನು ಪರಿಶೀಲಿಸಿದ ನ್ಯಾಯಾಂಗ ಮೂರೂ ಇವೆ. ನಾಲ್ಕನೆಯದಾಗಿ ನಾಗರಿಕನಿದ್ದಾನೆ. ಕಾಡಿನ ಜೀವಿಗೂ ಬೆಟ್ಟದ ರೈತನಿಗೂ ನ್ಯಾಯ ಸಲ್ಲಬೇಕಾದ ಪ್ರಶ್ನೆಯಿದು. ಶಿಕ್ಷಕರು ಯಾವುದೇ ಪಕ್ಷ ವಹಿಸದೆ ಎರಡೂ ವಾದಗಳನ್ನು ಮಕ್ಕಳ ಬಾಯಿಂದಲೇ ಹೇಳಿಸಬೇಕು.

ತರಗತಿಯ ಚಟುವಟಿಕೆ

ಎರಡು ಅವಧಿಗಳನ್ನು ಮೀಸಲಿಡಿ. ಮೊದಲ ಅವಧಿಯಲ್ಲಿ ಮಕ್ಕಳು ಮನೆಯಿಂದ ಪಡಿತರ ಚೀಟಿ, ವಿದ್ಯುತ್ ರಸೀದಿ, ಜಾತಿ ಪ್ರಮಾಣಪತ್ರ ಇಂಥ ಒಂದು ದಾಖಲೆಯ ಶೀರ್ಷಿಕೆಯನ್ನು ಮಾತ್ರ ನಕಲು ಮಾಡಿ ತರಲಿ; ಹೆಸರು, ಸಂಖ್ಯೆಗಳನ್ನು ಬರೆಯುವುದು ಬೇಡ. ಅದನ್ನು ಕೊಟ್ಟ ಕಚೇರಿ ಯಾವುದು, ಭಾಷೆ ಯಾವುದು ಎಂದು ಪಟ್ಟಿ ಮಾಡಿಸಿ. ಎರಡನೆಯ ಅವಧಿಯಲ್ಲಿ ಊರಿನ ನಿಜವಾದ ಒಂದು ಕೊರತೆಯನ್ನು ತರಗತಿಯೇ ಆರಿಸಿ, ತಹಸೀಲ್ದಾರರಿಗೆ ಕನ್ನಡದಲ್ಲಿ ಮನವಿ ಬರೆಯಲಿ. ಮನವಿಯಲ್ಲಿ ದಿನಾಂಕ, ವಿಳಾಸ, ವಿಷಯ, ನಡೆದ ಸಂಗತಿ, ಬೇಕಾದ ಪರಿಹಾರ ಈ ಐದು ಅಂಶಗಳಿರಲಿ. ಅನಂತರ ಅದೇ ಮನವಿಯನ್ನು ತಮಿಳು ಶಿಕ್ಷಕರ ನೆರವಿನಿಂದ ತಮಿಳಿಗೆ ತರಲಿ.

ಮೌಲ್ಯಮಾಪನ

1. ಬ್ರಿಟನ್ನಿನ ನ್ಯಾಯಾಲಯಗಳಿಗೂ ನಮ್ಮ ನ್ಯಾಯಾಲಯಗಳಿಗೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ತಿಳಿಸಿ.
2. 1362ರ ಇಂಗ್ಲಿಷ್ ರೈತನಿಗೂ 1962ರ ಪ್ರಕರಣದ ಬಂಧಿತನಿಗೂ ಇದ್ದ ಸಮಾನ ತೊಂದರೆ ಯಾವುದು?
3. ಕನ್ನಡದಲ್ಲಿ ಸಲ್ಲಿಸಬಹುದಾದ ಅರ್ಜಿಗೂ ಸಲ್ಲಿಸಲಾಗದ ಅರ್ಜಿಗೂ ಒಂದೊಂದು ಉದಾಹರಣೆ ಕೊಡಿ.
4. ದಿಂಬಂ ಪ್ರಕರಣದಲ್ಲಿ ನೀವು ನ್ಯಾಯಾಧೀಶರಾಗಿದ್ದರೆ ಏನು ತೀರ್ಮಾನಿಸುತ್ತಿದ್ದಿರಿ? ಕಾರಣ ಸಹಿತ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಕೊಟ್ಟ ಕಾರಣಕ್ಕೆ ಅಂಕ ನೀಡಿ. ಮನವಿ ಬರೆಯುವ ಚಟುವಟಿಕೆಯಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ. ಅದನ್ನು ಓದಿದ ಅಧಿಕಾರಿಗೆ ಏನು ಮಾಡಬೇಕೆಂದು ಸ್ಪಷ್ಟವಾಗುತ್ತದೆಯೇ ಎಂಬುದನ್ನಷ್ಟೇ ನೋಡಿ. ತನ್ನ ಮನೆಯ ಹಿರಿಯರ ಪರವಾಗಿ ಒಂದು ಮನವಿಯನ್ನು ಅಂಜದೆ ಬರೆಯಬಲ್ಲ ವಿದ್ಯಾರ್ಥಿ ಈ ಪಾಠವನ್ನು ಕಲಿತಿದ್ದಾನೆಂದು ಭಾವಿಸಬಹುದು.